ವಾಚಿನ ನಕ್ಷೆಯಲ್ಲಿ ನಡಿಗೆಯ ಗೆರೆ ರಸ್ತೆ ಬಿಟ್ಟು ಹೋಗುವುದೇಕೆ?

ಕದ್ರಿ ನಿವಾಸಿ:
ನಮಸ್ಕಾರ. ಬೆಳಗಿನ ಹೊತ್ತು ನಾನು ಮಂಗಳೂರಿನ ಕದ್ರಿ ಉದ್ಯಾನದಿಂದ ಬಂಟ್ಸ್ ಹಾಸ್ಟೆಲ್ ವೃತ್ತದ ಮೂಲಕ ಹಂಪನಕಟ್ಟೆಯವರೆಗೆ ನಡೆದು ಹಿಂದಿರುಗುತ್ತೇನೆ. ಪಣಂಬೂರಿನ ಕಡಲತೀರದಲ್ಲಿ ನಡೆದಾಗ ಫಿಟ್‌ನೆಸ್ ವಾಚು ನಕ್ಷೆಯ ಮೇಲೆ ಎಳೆಯುವ ಗೆರೆ ನೇರವಾಗಿಯೇ ಇರುತ್ತದೆ. ಹಂಪನಕಟ್ಟೆಯ ಆಸುಪಾಸಿನಲ್ಲಾದರೋ ಅದು ರಸ್ತೆಯನ್ನು ಬಿಟ್ಟು ಕಟ್ಟಡಗಳ ಮೇಲೆ ಹಾದು, ಎದುರು ಬದಿಗೆ ಹೋಗಿ, ಮತ್ತೆ ರಸ್ತೆಗೆ ಬರುತ್ತದೆ. ಹೋಗುವಾಗಿನ ದೂರಕ್ಕೂ ಬರುವಾಗಿನ ದೂರಕ್ಕೂ ತಾಳೆಯಾಗುವುದಿಲ್ಲ. ಇದು ವಾಚಿನ ದೋಷವೇ? ನನ್ನ ತಂಗಿಯ ವಾಚು, ಅವಳು ಫೋನನ್ನು ಮನೆಯಲ್ಲಿ ಬಿಟ್ಟು ಹೋದರೆ, ನಕ್ಷೆಯನ್ನೇ ತೋರಿಸುವುದಿಲ್ಲ. ಬಲ್ಲವರು ದಯವಿಟ್ಟು ವಿವರಿಸಬೇಕು.

ಸುರತ್ಕಲ್ ವಾಸಿ:
ನೀವು ಹೇಳಿದ್ದನ್ನು ನೋಡಿದರೆ ವಾಚು ಕೆಟ್ಟಿರುವ ಹಾಗೆ ಕಾಣುವುದಿಲ್ಲ. ವಾಚು ಉಪಗ್ರಹಕ್ಕೆ ಏನನ್ನೂ ಕಳುಹಿಸುವುದಿಲ್ಲ, ಬರುವ ಸಂಕೇತವನ್ನು ಹಿಡಿಯುತ್ತದೆ ಅಷ್ಟೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಪ್ರತಿಯೊಂದು ಜಿಪಿಎಸ್ ಉಪಗ್ರಹವೂ ತಾನು ಎಲ್ಲಿದೆ, ಸಂಕೇತ ಯಾವ ಕ್ಷಣಕ್ಕೆ ಹೊರಟಿತು ಎಂಬುದನ್ನು ಸಾರುತ್ತಲೇ ಇರುತ್ತದೆ. ಸಂಕೇತ ತಲುಪಲು ಹಿಡಿದ ಸಮಯವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಆ ಉಪಗ್ರಹಕ್ಕಿರುವ ದೂರ ಸಿಗುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಇವುಗಳ ಜೊತೆಗೆ ವಾಚಿನ ಅಗ್ಗದ ಗಡಿಯಾರದ ತಪ್ಪನ್ನೂ ಕಂಡುಹಿಡಿಯಬೇಕಾದ್ದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಈ ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸವಾಗುತ್ತದೆ.

ಹಂಪನಕಟ್ಟೆಯಲ್ಲಿ ಆಗುವುದು ಇದೇ ಬಗೆಯ ತಪ್ಪು. ಎತ್ತರದ ಕಟ್ಟಡಗಳು ಆಕಾಶದ ಒಂದು ಭಾಗವನ್ನು ಮರೆಮಾಡುತ್ತವೆ. ಉಳಿದ ಸಂಕೇತಗಳಲ್ಲಿ ಕೆಲವು ಗಾಜಿಗೂ ಗೋಡೆಗೂ ಬಡಿದು ಸುತ್ತುದಾರಿಯಲ್ಲಿ ಬರುತ್ತವೆ. ತಡವಾಗಿ ಬಂದ ಸಂಕೇತವನ್ನು ವಾಚು ಹೆಚ್ಚಿನ ದೂರವೆಂದೇ ತಿಳಿಯುವುದರಿಂದ ನಿಮ್ಮ ಸ್ಥಾನ ಹತ್ತಾರು ಮೀಟರ್ ಆಚೆಗೆ ಸರಿಯಬಹುದು. ಪಣಂಬೂರಿನಲ್ಲಿ ಆಕಾಶಕ್ಕೆ ಅಂಥ ಅಡ್ಡಿಯಿಲ್ಲ.

ನಿಮ್ಮ ತಂಗಿಯ ವಾಚಿನಲ್ಲಿ ಬಹುಶಃ ಜಿಪಿಎಸ್ ಚಿಪ್ ಇಲ್ಲ, ಅದು ಫೋನಿನ ಜಿಪಿಎಸ್ ಅನ್ನೇ ಬಳಸುತ್ತದೆ. ಫೋನಿಲ್ಲದಾಗ ಕೈಯ ಚಲನೆಯಿಂದ ಹೆಜ್ಜೆಗಳನ್ನು ಎಣಿಸಿ ದೂರವನ್ನು ಅಂದಾಜು ಮಾಡಬಲ್ಲುದು, ದಾರಿಯನ್ನು ತಿಳಿಯಲಾರದು.

ಮಣಿಪಾಲದ ಓಟಗಾರ್ತಿ:
ಮೇಲಿನ ವಿವರಣೆಗೆ ಒಂದು ಮುಖ್ಯ ಮಾತು ಸೇರಿಸುತ್ತೇನೆ. ವಾಚು ಗೆರೆಯನ್ನು ಎಳೆಯುವುದು ಬಿಡಿ ಬಿಂದುಗಳನ್ನು ಜೋಡಿಸಿ. ಬ್ಯಾಟರಿ ಉಳಿಸುವ ಕ್ರಮದಲ್ಲಿ ಬಿಂದುಗಳು ದೂರದೂರಕ್ಕೆ ದಾಖಲಾಗುವುದರಿಂದ ತಿರುವುಗಳೆಲ್ಲ ಕತ್ತರಿಸಿಹೋಗಿ ದೂರ ಕಡಿಮೆ ಬರುತ್ತದೆ. ಪ್ರತಿ ಸೆಕೆಂಡಿಗೆ ದಾಖಲಿಸಿದರೆ ಸ್ಥಾನದ ಸಣ್ಣ ಅಲುಗಾಟಗಳೂ ಕೂಡಿಕೊಂಡು ದೂರ ತುಸು ಹೆಚ್ಚುತ್ತದೆ. ಹಾಗಿದ್ದರೂ ನಾನು ಎರಡನೆಯದನ್ನೇ ಆರಿಸುತ್ತೇನೆ, ಏಕೆಂದರೆ ನಮ್ಮೂರಿನ ಎಂಡ್ ಪಾಯಿಂಟ್ ಉದ್ಯಾನದ ಕಡೆಯ ತಿರುವುಗಳು ನಕ್ಷೆಯಲ್ಲಿ ತಿರುವುಗಳಾಗಿಯೇ ಕಾಣಬೇಕು.

ಹೊಸ ವಾಚು ಕೊಳ್ಳುವುದಾದರೆ ಉಪಗ್ರಹಗಳು ಸಂಕೇತ ಕಳುಹಿಸುವ ಎಲ್1 ಮತ್ತು ಎಲ್5 ಎಂಬ ಎರಡು ರೇಡಿಯೊ ಆವರ್ತನಗಳನ್ನೂ ಹಿಡಿಯುವುದನ್ನು ನೋಡಿ. ಎಲ್5 ಸಂಕೇತದ ರಚನೆಯಿಂದಾಗಿ ನೇರ ಬಂದದ್ದನ್ನೂ ಗೋಡೆಗೆ ಬಡಿದು ಬಂದದ್ದನ್ನೂ ಬೇರ್ಪಡಿಸುವುದು ಸುಲಭವಾಗುತ್ತದೆ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಉಪಗ್ರಹಗಳನ್ನೂ ಬಳಸುವ ವಾಚಿಗೆ ಕಿರಿದಾದ ಆಕಾಶದಲ್ಲೂ ಸಾಕಷ್ಟು ಉಪಗ್ರಹಗಳು ಸಿಗುವ ಸಾಧ್ಯತೆ ಹೆಚ್ಚು. ಜಿಪಿಎಸ್‌ನಂತೆಯೇ ಸ್ಥಾನ ತಿಳಿಸುವ ನಮ್ಮ ಭಾರತದ ನಾವಿಕ್ ಉಪಗ್ರಹ ವ್ಯವಸ್ಥೆಯಲ್ಲಿ 2023ರಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಸಂಕೇತವೂ ಬರುತ್ತಿರುವುದು, ಇಂಥ ಸಣ್ಣ ಸಾಧನಗಳ ದೃಷ್ಟಿಯಿಂದ, ನನಗೆ ಬಹಳ ಸಂತೋಷದ ಸಂಗತಿ.

ಕದ್ರಿ ನಿವಾಸಿ:
ಇಬ್ಬರಿಗೂ ಧನ್ಯವಾದಗಳು. ಮಳೆಗಾಲದಲ್ಲಿ ಇದು ಇನ್ನಷ್ಟು ಹದಗೆಡುತ್ತದೆಯೇ?

ಸುರತ್ಕಲ್ ವಾಸಿ:
ಮಳೆಹನಿಗಳಿಂದ ಈ ಆವರ್ತನಗಳಿಗೆ ಗಮನಿಸುವಷ್ಟು ಅಡ್ಡಿಯಾಗುವುದಿಲ್ಲ. ಆದರೆ ಒದ್ದೆಯಾದ ದಟ್ಟ ಎಲೆಗಳು ಸಂಕೇತವನ್ನು ಹೀರಿಕೊಳ್ಳುತ್ತವೆ, ಆದ್ದರಿಂದ ಮರಗಳ ಕೆಳಗೆ ಗೆರೆ ಸ್ವಲ್ಪ ಅಲುಗಬಹುದು. ಹೊರಡುವ ಮುನ್ನ ಬಯಲಿನಲ್ಲಿ ನಿಂತು, ಉಪಗ್ರಹ ಸಿಕ್ಕಿತೆಂದು ವಾಚು ತಿಳಿಸಿದ ಮೇಲೆಯೇ ದಾಖಲೆಯನ್ನು ಆರಂಭಿಸಿ. ದೂರದ ಬಗ್ಗೆ ಸಂಶಯವಿದ್ದರೆ ಮಂಗಳಾ ಕ್ರೀಡಾಂಗಣದ ಓಟದ ಪಥದಲ್ಲಿ ಒಳಗಿನ ಸಾಲಿನಲ್ಲೇ ಸುತ್ತು ಹಾಕಿ, ಸುತ್ತಿಗೆ 400 ಮೀಟರ್‌ನಂತೆ ತಾಳೆ ನೋಡಿ; ಹೊರಗಿನ ಸಾಲುಗಳಲ್ಲಿ ಒಂದೊಂದು ಸಾಲಿಗೂ 7ರಿಂದ 8 ಮೀಟರ್ ಹೆಚ್ಚುತ್ತಾ ಹೋಗುತ್ತದೆ.