ಅಶೋಕ ಕಳಿಂಗದ ಮೇಲೆ ಬಿದ್ದಿದ್ದು ಬಂದರಿಗಾಗಿಯಾ?

ಪ್ರಶ್ನೆ:
ತುಂಬಾ ದಿನದಿಂದ ಇರೋ ಡೌಟು. ಮೌರ್ಯರಿಗೆ ಗಂಗೆ ಬಯಲಿನಂಥ ಭೂಮಿ ಇತ್ತು, ಆನೆ ಸೈನ್ಯ ಇತ್ತು, ಆ ಕಡೆ ಕಂದಹಾರ್ ತನಕ ರಾಜ್ಯ ಇತ್ತು. ಇಷ್ಟಿದ್ದೂ ಕ್ರಿ.ಪೂ. 261ರ ಸುಮಾರಿಗೆ ಕಳಿಂಗದ ಮೇಲೆ ಯಾಕೆ ಹೋದ? ಸ್ಕೂಲಲ್ಲಿ ಯುದ್ಧ ಆಯ್ತು, ಮನಸ್ಸು ಕರಗ್ತು, ಬೌದ್ಧ ಆದ ಅಂತಷ್ಟೇ ಹೇಳಿದ್ರು, ಯುದ್ಧ ಯಾಕಾಯ್ತು ಅಂತ ಮೇಷ್ಟ್ರೂ ಹೇಳ್ಲಿಲ್ಲ ನಾವೂ ಕೇಳ್ಲಿಲ್ಲ. ಯೂಟ್ಯೂಬಲ್ಲಿ ಎಲ್ಲರೂ ಕಡಲ ವ್ಯಾಪಾರ ಅಂತಾರೆ. ಬಂದರೇ ಬೇಕಿದ್ರೆ ಬಂಗಾಳದ ಕಡೆ ತಾಮ್ರಲಿಪ್ತಿ ಇರ್ಲಿಲ್ವಾ?

ಉತ್ತರ 1:
ಅಶೋಕನ 13ನೇ ಬಂಡೆ ಶಾಸನದಲ್ಲಿ ಕಾರಣವೇ ಇಲ್ಲ ಗುರು. ಒಂದೂವರೆ ಲಕ್ಷ ಜನರನ್ನ ಹಿಡಿದು ಸಾಗಿಸಿದ್ರು, ಒಂದು ಲಕ್ಷ ಜನ ಸತ್ರು ಅಂತ ಲೆಕ್ಕ ಕೊಡ್ತಾನೆ, ಯಾಕೆ ಹೋದೆ ಅಂತ ಮಾತ್ರ ಹೇಳಲ್ಲ. ಕಳಿಂಗದಲ್ಲೇ ಇರೋ ಧೌಲಿ, ಜೌಗಡದಲ್ಲಂತೂ ಆ ಶಾಸನವನ್ನೇ ಕೆತ್ತಿಸಿಲ್ಲ, ಸೋತವರ ಮುಂದೆ ಆ ಲೆಕ್ಕ ಓದೋಕೆ ಮುಜುಗರ ಆಗಿರ್ಬೇಕು. ಆಮೇಲೆ ಕಳಿಂಗದ ರಾಜ ಖಾರವೇಲನ ಹಾಥಿಗುಂಫಾ ಶಾಸನದಲ್ಲಿ ಮೌರ್ಯರಿಗಿಂತ ಮುಂಚೆ ಮಗಧ ಆಳಿದ ನಂದ ರಾಜ ಅಲ್ಲಿ ಕಾಲುವೆ ತೋಡಿಸಿದ್ದ, ಜಿನನ ಮೂರ್ತಿ ಹೊತ್ಕೊಂಡು ಹೋಗಿದ್ದ ಅಂತಿದೆ, ಅಂದ್ರೆ ಮಗಧದವರ ಕಣ್ಣು ಮೊದಲಿಂದಲೂ ಅಲ್ಲಿತ್ತು, ನಡುವೆ ಕೈತಪ್ಪಿತ್ತು. ನನ್ನ ಪ್ರಕಾರ ಹಳೇ ಬಾಕಿ ವಸೂಲಿ, ಜೊತೆಗೆ ದಕ್ಷಿಣಕ್ಕೆ ಹೋಗೋ ಕರಾವಳಿ ದಾರಿ. ವ್ಯಾಪಾರ ಅನ್ನೋದು ನಾವು ಮಾಡೋ ಊಹೆ, ಒಳ್ಳೇ ಊಹೆ ಅಷ್ಟೇ.

ಉತ್ತರ 2:
ಕಳಿಂಗಕ್ಕೆ ಪುರಾವೆ ಕಮ್ಮಿ, ಒಪ್ಪಿದೆ. ಪುರಾವೆ ಬೇಕಂದ್ರೆ ಪಶ್ಚಿಮ ಕರಾವಳಿಗೆ ಬನ್ನಿ, ಶಾತವಾಹನರು ಮತ್ತು ಗುಜರಾತ್ ಕಡೆ ಆಳ್ತಿದ್ದ ಶಕ ರಾಜರಾದ ಕ್ಷತ್ರಪರ ಜಗಳ ನೋಡಿ. ಕ್ರಿ.ಶ. 1ನೇ ಶತಮಾನದ ಪೆರಿಪ್ಲಸ್ ಅಂತ ಗ್ರೀಕ್ ನಾವಿಕರ ಕೈಪಿಡಿ ಇದೆ. ಅದ್ರಲ್ಲಿ ಪೈಠಣದ ಸರಕು ಗಾಡೀಲಿ ಬರೂಚ್ ಬಂದರಿಗೆ ಹೋಗುತ್ತೆ, 20 ದಿನದ ದಾರಿ ಅಂತಿದೆ. ಪೈಠಣ ಶಾತವಾಹನರ ರಾಜಧಾನಿ, ಬರೂಚ್ ಶತ್ರು ಕೈಲಿ! ಹತ್ತಿರದ ಕಲ್ಯಾಣ ಬಂದರಿಗೆ ಗ್ರೀಕ್ ಹಡಗು ಬಂದ್ರೆ ಕಾವಲು ಹಾಕಿ ಬರೂಚಿಗೆ ಕರ್ಕೊಂಡು ಹೋಗ್ತಿದ್ರಂತೆ. ನಮ್ಮ ಸರಕು, ಸುಂಕ ಅವರಿಗೆ, ಯಾವ ರಾಜ ಸುಮ್ನಿರ್ತಾನೆ? ರೋಮ್‌ನಿಂದ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ಅವರ ನಾಣ್ಯ) ಭಾರತಕ್ಕೆ ಹೋಗುತ್ತೆ ಅಂತ ರೋಮನ್ ಲೇಖಕ ಪ್ಲಿನಿ ಗೊಣಗಿದ್ದೂ ಅದೇ ಕಾಲದಲ್ಲಿ. ಕೊನೆಗೆ ಶಾತವಾಹನ ರಾಜ ಗೌತಮೀಪುತ್ರ ಶಾತಕರ್ಣಿ ಕ್ಷತ್ರಪ ನಹಪಾನನ ವಂಶವನ್ನ ಬಡಿದು ಹಾಕಿದ, ನಾಸಿಕ್ ಹತ್ರ ಜೋಗಳತೆಂಬಿಯಲ್ಲಿ ಸಿಕ್ಕ 13 ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯದಲ್ಲಿ ಮುಕ್ಕಾಲುಪಾಲು ಹತ್ರ ಹತ್ರ ನಹಪಾನನ ಮುಖದ ಮೇಲೇ ಇವನ ಮುದ್ರೆ ಒತ್ತಿದ್ದು. ಅವನ ತಾಯಿ ಹಾಕಿಸಿದ ಶಾಸನದಲ್ಲಿ ಮಗನ ಕುದುರೆಗಳು ಮೂರು ಸಮುದ್ರದ ನೀರು ಕುಡಿದವು ಅಂತ ಹೊಗಳಿಕೆ ಬೇರೆ. ಉಪ್ಪುನೀರು, ಪಾಪದ ಕುದುರೆಗಳು.

ಪ್ರಶ್ನೆ ಕೇಳಿದವನು:
ಸೂಪರ್ ಸರ್, ಈಗ ಅರ್ಥ ಆಯ್ತು. ಆದ್ರೆ ಸುಂಕ ಬೇಕಿದ್ರೆ ಘಟ್ಟದ ಮೇಲೆ ಕೂತೇ ವಸೂಲಿ ಮಾಡ್ಬಹುದಿತ್ತಲ್ಲ, ಯುದ್ಧ ಯಾಕೆ?

ಉತ್ತರ 2:
ಮಾಡ್ತಿದ್ರು ಅಂತಾರೆ. ಕಲ್ಯಾಣದಿಂದ ಮೇಲೆ ಬರೋ ಘಟ್ಟದ ದಾರಿ ನಾಣೇಘಾಟ್‌ನಲ್ಲಿ ಶಾತವಾಹನರ ಶಾಸನವೇ ಇದೆ. ಆದ್ರೆ ಹಡಗು ಬೇರೆ ಬಂದರಿಗೆ ತಿರುಗಿದ್ರೆ ಘಟ್ಟದಲ್ಲಿ ಕೂತವನು ನೊಣ ಹೊಡೀಬೇಕು.

ಉತ್ತರ 3:
ನಮ್ಮ ಬಾದಾಮಿಯವರನ್ನ ಯಾರೂ ನೆನೆಸ್ಲಿಲ್ಲ 😄 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ನೂರಾರು ಹಡಗಲ್ಲಿ ಪುರಿ ಅನ್ನೋ ಪಟ್ಟಣಕ್ಕೆ ನುಗ್ಗಿದ ಅಂತಿದೆ, ಒಡಿಶಾದ ಪುರಿ ಅಲ್ಲ, ಕೊಂಕಣದ್ದು. ಶಾಸನ ಬರೆದ ಕವಿ ರವಿಕೀರ್ತಿ ಆ ಊರನ್ನ ಪಶ್ಚಿಮ ಸಮುದ್ರದ ಲಕ್ಷ್ಮಿ ಅಂತಾನೆ, ಲಕ್ಷ್ಮಿ ಅಂದ್ಮೇಲೆ ಯುದ್ಧ ಯಾಕಂತ ಬಿಡಿಸಿ ಹೇಳ್ಬೇಕಾ. ನಂಗೆ ಇಂಟರೆಸ್ಟಿಂಗ್ ಅನ್ಸೋದು ಬೇರೆ, ಮಲಪ್ರಭೆ ದಂಡೆ ಜನಕ್ಕೆ ಅಷ್ಟು ಹಡಗು ಎಲ್ಲಿಂದ ಬಂತು? ಅವನ ಚಿಕ್ಕಪ್ಪ ಮಂಗಳೇಶ ಆಗಲೇ ಕೊಂಕಣ ಕಡೆಯ ರೇವತೀದ್ವೀಪ ಹಿಡಿದಿದ್ದ, ಕರಾವಳಿಯ ಆಳುಪರು ಪುಲಕೇಶಿಗೆ ತಲೆಬಾಗಿದ್ರು. ದೋಣಿ, ದೋಣಿ ನಡೆಸೋರು ಎಲ್ಲಾ ಆ ಕಡೆಯವರೇ ಇರ್ಬೇಕು ಅಂತ ನನ್ನ ಗುಮಾನಿ.