ಇಡೀ ಮನೆಯ ನೆಟ್ ಟಾರ್ ಮೂಲಕ: ಪೈ ಗೇಟ್‌ವೇ ಸೋರುತ್ತಿದೆ, ಕರೆಂಟ್ ಹೋಗಿ ಬಂದರೆ ಏಳುವುದೇ ಇಲ್ಲ

ಕಾಫಿತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ ಒಂಟಿ ಮನೆ. ಐದು ಫೋನು, ಎರಡು ಲ್ಯಾಪ್‌ಟಾಪ್, ಜಗಲಿಯಲ್ಲಿ ಒಂದು ಸ್ಮಾರ್ಟ್ ಟಿವಿ. ಇದೆಲ್ಲವೂ ಟಾರ್ (ಮೂರು ಕಂಪ್ಯೂಟರ್ ದಾಟಿಸಿ, ನಾವು ಎಲ್ಲಿಂದ ಬಂದೆವು ಅನ್ನುವುದನ್ನು ಮರೆಮಾಡುವ ಜಾಲ) ಮೂಲಕವೇ ಹೊರಗೆ ಹೋಗಬೇಕು ಅಂತ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ.

ಯಾಕೆ ಅಂತ ಮೊದಲೇ ಹೇಳುತ್ತೇನೆ. ಅಪ್ಪನಿಗೆ ಒಂದು ಕಾಯಿಲೆ ಇದೆ ಅಂತ ಡಾಕ್ಟರ್ ನನಗೆ ಮಾತ್ರ ಹೇಳಿದ್ದರು. ಪೂರ್ತಿ ರಿಪೋರ್ಟ್ ಬರುವವರೆಗೆ ಅಪ್ಪನಿಗೆ ಹೇಳುವುದು ಬೇಡ ಅಂದುಕೊಂಡಿದ್ದೆವು. ನಾನು ರಾತ್ರಿ ಕೂತು ಫೋನಿನಲ್ಲಿ ಅದರ ಬಗ್ಗೆ ಹುಡುಕಿದೆ, ನಾಲ್ಕೈದು ವಿಡಿಯೋ ನೋಡಿದೆ. ಎರಡು ದಿನ ಬಿಟ್ಟು ಬೆಳಿಗ್ಗೆ ಅಪ್ಪ ಭಜನೆ ಹಾಕಲು ಟಿವಿ ಆನ್ ಮಾಡಿದರೆ ಮೊದಲ ಸಾಲಿನಲ್ಲೇ ಆ ಕಾಯಿಲೆಯ ಹೆಸರು, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಒಂದಲ್ಲ, ಮೂರು ವಿಡಿಯೋ. ರಿಮೋಟ್ ಕೈಯಲ್ಲಿ ಹಿಡಿದುಕೊಂಡು "ಇದು ಯಾರಿಗೆ?" ಅಂತ ಕೇಳಿದರು. ಅವತ್ತೇ ತೀರ್ಮಾನ ಮಾಡಿದೆ, ಈ ಮನೆಯಿಂದ ಯಾರು ಏನು ನೋಡುತ್ತಾರೆ ಅನ್ನುವುದು ಹೊರಗೆ ಗೊತ್ತಾಗಬಾರದು.

ಈಗ ಮಾಡಿರುವುದು ಇಷ್ಟು. ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರನ್ನು ಒಂದೇ ಕೇಬಲ್‌ನಲ್ಲಿ ಫೈಬರ್ ಬಾಕ್ಸ್‌ಗೆ ಸೇರಿಸಿದ್ದೇನೆ. ಬಾಕ್ಸ್‌ನ ಡಿಎಚ್‌ಸಿಪಿ (ಸಾಧನಗಳಿಗೆ ಅಡ್ರೆಸ್ ಹಂಚುವ ಕೆಲಸ) ಆಫ್ ಮಾಡಿ, ಪೈಯಲ್ಲಿ ಅದೇ ಕೆಲಸಕ್ಕೆ ಡಿಎನ್‌ಎಸ್‌ಮಾಸ್ಕ್ ಹಾಕಿ, ಎಲ್ಲರಿಗೂ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಪೈಯೇ ಅಂತ ಕೊಟ್ಟಿದ್ದೇನೆ. ಪೈಗೆ ಬಂದದ್ದನ್ನು ಟಾರ್ ಒಳಗೆ ತೆಗೆದುಕೊಳ್ಳುವ ಟ್ರಾನ್ಸ್‌ಪೋರ್ಟ್ 9040, ಡಿಎನ್‌ಎಸ್ (ಸೈಟ್ ಹೆಸರಿನ ಅಡ್ರೆಸ್ ಹುಡುಕುವ) ಪ್ರಶ್ನೆಗಳಿಗೆ ಡಿಎನ್‌ಎಸ್‌ಪೋರ್ಟ್ 5353. ಟಿಸಿಪಿ, ಯುಡಿಪಿ ಅಂದರೆ ನೆಟ್‌ನಲ್ಲಿ ಮಾಹಿತಿ ಸಾಗಿಸುವ ಎರಡು ವಿಧಾನ; ಪೈಯ ಫೈರ್‌ವಾಲ್ ಆದ ಐಪಿಟೇಬಲ್ಸ್‌ನಲ್ಲಿ ಎಲ್ಲ ಟಿಸಿಪಿ 9040ಕ್ಕೆ, ಯುಡಿಪಿ 53 (ಡಿಎನ್‌ಎಸ್) ಬಂದರೆ 5353ಕ್ಕೆ ತಿರುಗಿಸಿದ್ದೇನೆ.

ತೊಂದರೆಗಳು:

ಲ್ಯಾಪ್‌ಟಾಪ್‌ನಲ್ಲಿ ಟಾರ್ ಪರೀಕ್ಷೆಯ ಪುಟ "ಟಾರ್‌ನಲ್ಲಿದ್ದೀರಿ" ಅನ್ನುತ್ತದೆ. ಫೋನಿನಲ್ಲಿ ಕೆಲವು ಸೈಟ್ ಜರ್ಮನಿ ತೋರಿಸುತ್ತವೆ, ಕೆಲವು ಸೀದಾ ಕರ್ನಾಟಕ ತೋರಿಸುತ್ತವೆ.

ಬ್ಯಾಂಕಿನ ಆ್ಯಪ್ ತೆರೆಯುವುದೇ ಇಲ್ಲ. ವಾಟ್ಸಾಪ್ ವಿಡಿಯೋ ಕಾಲ್ ಮಾತ್ರ ಅದ್ಭುತವಾಗಿ ಬರುತ್ತಿದೆ, ಅದೊಂದು ಸಮಾಧಾನ.

ಕಳೆದ ವಾರ ಮರ ಬಿದ್ದು ಒಂದೂವರೆ ದಿನ ಕರೆಂಟ್ ಇರಲಿಲ್ಲ, ಇನ್ವರ್ಟರ್ ಕೂಡ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಟಾರ್ ಎದ್ದೇಳಲಿಲ್ಲ. ಎಷ್ಟು ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಕೊನೆಗೆ ಎಲ್ಲ ತೆಗೆದು ಮೊದಲಿನಿಂದ ಮತ್ತೆ ಹಾಕಿದೆ.

ಗೊತ್ತಿರುವವರು ದಾರಿ ತೋರಿಸಿ ಮಾರಾಯ್ರೆ.

ಹಳೇರೂಟರ್

ನಮಸ್ಕಾರ. ಅಪ್ಪ ಈಗ ಹೇಗಿದ್ದಾರೆ? ಮೊದಲು ಅದು.

ನಿಮಗೆ ಸಮಾಧಾನ ಕೊಟ್ಟ ವಿಷಯದಿಂದಲೇ ಶುರು ಮಾಡುತ್ತೇನೆ. ಟಾರ್ ಟಿಸಿಪಿ ಮಾತ್ರ ಸಾಗಿಸುತ್ತದೆ, ಯುಡಿಪಿ ಸಾಗಿಸುವುದಿಲ್ಲ. ಡಿಎನ್‌ಎಸ್ ಪ್ರಶ್ನೆಗಳಿಗೆ ಮಾತ್ರ ಅದರಲ್ಲಿ ಬೇರೆ ವ್ಯವಸ್ಥೆ ಇದೆ. ವಾಟ್ಸಾಪ್ ಕಾಲ್ ಮುಖ್ಯವಾಗಿ ಯುಡಿಪಿ ಮೇಲೆ ಓಡುವಂಥದ್ದು. ವಿಡಿಯೋ ಸಮೇತ ಅಷ್ಟು ಚೆನ್ನಾಗಿ ಬರುತ್ತಿದೆ ಅಂದರೆ ಅದು ಟಾರ್ ಒಳಗೆ ಹೋಗುತ್ತಲೇ ಇಲ್ಲ, ಸೋರಿ ಹೊರಗೆ ಹೋಗುತ್ತಿದೆ.

ಎರಡು ವಿಷಯ ನೋಡಿ ಹೇಳಿ. ಒಂದು, ಫೋನಿನ ವೈಫೈ ವಿವರದಲ್ಲಿ ಐಪಿ ಅಡ್ರೆಸ್‌ಗಳ ಪಟ್ಟಿ ಇರುತ್ತದೆ. ಎಫ್‌ಇ80 ಅಂತ ಶುರುವಾಗುವುದನ್ನು ಬಿಡಿ, ಅದು ಮನೆಯೊಳಗಿನದು. 2 ಅಂತ ಶುರುವಾಗುವ ಉದ್ದನೆಯ ಅಡ್ರೆಸ್ ಇದೆಯಾ? ಎರಡು, ಪೈಯಲ್ಲಿ ಐಪಿಟೇಬಲ್ಸ್‌ನ ಫಾರ್ವರ್ಡ್ ಚೈನ್ (ಪೈ ದಾಟಿಸುವ ಪ್ಯಾಕೆಟ್‌ಗಳ ನಿಯಮಪಟ್ಟಿ) ಕೌಂಟರ್ ಸಮೇತ ನೋಡಿ. ಒಂದು ವಿಡಿಯೋ ಕಾಲ್ ಮಾಡುತ್ತಾ ಆ ಸಂಖ್ಯೆ ಏರುತ್ತದಾ ಅಂತ ಗಮನಿಸಿ.

ಕಾಫಿತೋಟ

ಅಪ್ಪ ಪರವಾಗಿಲ್ಲ ಸರ್. ಅವತ್ತೇ ಎಲ್ಲ ಹೇಳಿಬಿಟ್ಟೆ. ಕೇಳಿ ಸ್ವಲ್ಪ ಹೊತ್ತು ಸುಮ್ನೆ ಕೂತರು, ಆಮೇಲೆ ತೋಟಕ್ಕೆ ಹೋದರು.

ಫೋನಿನಲ್ಲಿ 2 ಅಂತ ಶುರುವಾಗುವ ಅಡ್ರೆಸ್ ಎರಡಿವೆ. ಲ್ಯಾಪ್‌ಟಾಪ್‌ನಲ್ಲಿ ಇಲ್ಲ, ಆಫೀಸಿನವರು ಐಪಿವಿ6 (ಆ ಉದ್ದನೆಯ ಹೊಸ ಬಗೆಯ ಅಡ್ರೆಸ್) ಆಫ್ ಮಾಡಿಸಿದ್ದರು. ಇನ್ನು ಕೌಂಟರ್: ಕಾಲ್ ಮಾಡುವ ಮೊದಲು ನೋಡಿಕೊಂಡೆ, ಅರ್ಧ ನಿಮಿಷ ತಂಗಿ ಜೊತೆ ಮಾತಾಡಿ ನೋಡಿದರೆ ಸಾವಿರಕ್ಕೂ ಜಾಸ್ತಿ ಏರಿದೆ. ಪಾಲಿಸಿ "ಆ್ಯಕ್ಸೆಪ್ಟ್" ಅಂತ ಇದೆ, ಅಂದರೆ ಬಂದದ್ದನ್ನೆಲ್ಲ ಬಿಡುತ್ತದೆ.

ಹಳೇರೂಟರ್

ಹಾಗಾದರೆ ಎರಡು ತೂತು.

ಮೊದಲನೆಯದು ಐಪಿವಿ6. ನೀವು ಬಾಕ್ಸ್‌ನ ಡಿಎಚ್‌ಸಿಪಿ ಆಫ್ ಮಾಡಿದ್ದು ಐಪಿವಿ4ಗೆ, ಅಂದರೆ ಹಳೆಯ ಬಗೆಯ ಅಡ್ರೆಸ್‌ಗೆ ಮಾತ್ರ. ಐಪಿವಿ6ನಲ್ಲಿ ಬಾಕ್ಸ್ ತಾನೇ ಆಗಾಗ "ನಾನು ರೂಟರ್, ಹೊರಗೆ ಹೋಗುವವರು ನನ್ನ ಬಳಿ ಬನ್ನಿ" ಅಂತ ಎಲ್ಲರಿಗೂ ಸಾರುತ್ತಿರುತ್ತದೆ. ಪೈ, ಬಾಕ್ಸ್, ಫೋನು ಎಲ್ಲ ಒಂದೇ ನೆಟ್‌ವರ್ಕ್‌ನಲ್ಲಿ ಇರುವುದರಿಂದ ಫೋನಿಗೆ ಅದು ಸೀದಾ ಕೇಳಿಸುತ್ತದೆ. ಐಪಿವಿ6 ಇರುವ ಸೈಟ್‌ಗೆ ಫೋನು ಪೈಯನ್ನು ಕೇಳುವುದೇ ಇಲ್ಲ. ಅದಕ್ಕೇ ಕೆಲವು ಸೈಟ್ ಜರ್ಮನಿ, ಕೆಲವು ಕರ್ನಾಟಕ.

ಎರಡನೆಯದು ಫಾರ್ವರ್ಡಿಂಗ್. ನೀವು ಟಿಸಿಪಿಯನ್ನೂ ಡಿಎನ್‌ಎಸ್ಸನ್ನೂ ತಿರುಗಿಸಿದಿರಿ. ಮಿಕ್ಕ ಯುಡಿಪಿಯನ್ನು ಪೈ ನಿಯತ್ತಾಗಿ ಬಾಕ್ಸ್‌ಗೆ ದಾಟಿಸುತ್ತಿದೆ. ಪೈಯನ್ನು ರೂಟರ್ ಮಾಡುವ ಪಾಠಗಳಲ್ಲೆಲ್ಲ ಮೊದಲ ಸಾಲೇ "ಐಪಿ ಫಾರ್ವರ್ಡ್ 1 ಮಾಡಿ" ಅಂತ ಇರುತ್ತದೆ. ಟಾರ್ ಗೇಟ್‌ವೇಗೆ ಅದು ಬೇಡವೇ ಬೇಡ. ರೀಡೈರೆಕ್ಟ್ ಆದ ಪ್ಯಾಕೆಟ್ ಪೈಯಲ್ಲೇ ಇರುವ ಟಾರ್‌ಗೆ ಸೇರುತ್ತದೆ, ಹೊರಗೆ ಕಟ್ಟುವ ಕನೆಕ್ಷನ್ ಟಾರ್‌ನದ್ದು. ಹಾಗಾಗಿ ಫಾರ್ವರ್ಡ್ 0 ಮಾಡಿ, ಚೈನ್‌ನ ಪಾಲಿಸಿಯನ್ನೂ "ಡ್ರಾಪ್" (ಬಂದದ್ದನ್ನು ಬಿಸಾಡು) ಅಂತ ಬದಲಿಸಿ. ಐಪಿವಿ6ಗೆ ಇರುವ ಐಪಿ6ಟೇಬಲ್ಸ್‌ನಲ್ಲೂ ಇದೇ. ಬ್ರೌಸರ್‌ಗಳು ಮೊದಲು ಕ್ವಿಕ್ ಅನ್ನುವ ವಿಧಾನದಲ್ಲಿ ಯುಡಿಪಿ 443ರಲ್ಲಿ ಪ್ರಯತ್ನಿಸುತ್ತವೆ, ಆಗದಿದ್ದರೆ ಟಿಸಿಪಿಗೆ ಬರುತ್ತವೆ. ಅದರ ಚಿಂತೆ ಬೇಡ.

ಆದರೆ ಒಂದೇ ಕೇಬಲ್ ಇರುವವರೆಗೆ ಐಪಿವಿ6 ತೂತು ಮುಚ್ಚುವುದಿಲ್ಲ. ಬಾಕ್ಸ್‌ನಲ್ಲಿ ಐಪಿವಿ6 ಆಫ್ ಮಾಡಲು ಬಿಟ್ಟರೆ ಸರಿ, ಎಷ್ಟೋ ಬಾಕ್ಸ್‌ಗಳಲ್ಲಿ ಆ ಪುಟಕ್ಕೇ ಬೀಗ ಹಾಕಿರುತ್ತಾರೆ. ಆಫ್ ಮಾಡಿದರೂ ಫೋನಿನವರು ಕೈಯಾರೆ ಗೇಟ್‌ವೇ ಬದಲಿಸಿದರೆ ಮುಗಿಯಿತು. ಪೈ ಬಾಗಿಲಲ್ಲಿ ನಿಲ್ಲಬೇಕು, ಪಕ್ಕದಲ್ಲಲ್ಲ. ಒಂದು ಯುಎಸ್‌ಬಿ ಎತರ್ನೆಟ್ ಅಡಾಪ್ಟರ್ ತನ್ನಿ. ಪೈಯ ಸ್ವಂತ ಪೋರ್ಟ್ ಬಾಕ್ಸ್ ಕಡೆಗೆ, ಅಡಾಪ್ಟರ್ ಮನೆ ಕಡೆಗೆ. ಮನೆಯಲ್ಲಿ ಹಳೆಯ ವೈಫೈ ರೂಟರ್ ಬಿದ್ದಿದ್ದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, ಲ್ಯಾನ್ ಪೋರ್ಟ್‌ನಲ್ಲಿ ಅಡಾಪ್ಟರ್‌ಗೆ ಸೇರಿಸಿ. ಮನೆ ಕಡೆಗೆ ಬೇರೆ ಸಬ್‌ನೆಟ್ (ಅಡ್ರೆಸ್‌ಗಳ ಗುಂಪು) ಕೊಡಿ, 192.168.50 ಅಂತ ಏನಾದರೂ. ಟ್ರಾನ್ಸ್‌ಪೋರ್ಟ್, ಡಿಎನ್‌ಎಸ್‌ಪೋರ್ಟ್ ಎರಡೂ ಆ ಕಡೆಯ ಅಡ್ರೆಸ್‌ನಲ್ಲೇ ಕೇಳುವಂತೆ ಮಾಡಿ.

ಆದ ಮೇಲೆ ವೆಬ್ ಪುಟ ನೋಡಿ ನಂಬಬೇಡಿ. ಬಾಕ್ಸ್ ಕಡೆಯ ಪೋರ್ಟ್ ಮೇಲೆ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಪ್ರೋಗ್ರಾಂ) ಓಡಿಸಿ. ಫೋನಿನಲ್ಲಿ ಹತ್ತು ಸೈಟ್ ತೆರೆದರೂ ಅಲ್ಲಿ ಕಾಣಬೇಕಾದದ್ದು ಟಾರ್‌ನ ಗಾರ್ಡ್ ನೋಡ್‌ನ (ದಾರಿಯ ಮೊದಲ ಕಂಪ್ಯೂಟರ್) ಅಡ್ರೆಸ್, ಒಂದೋ ಎರಡೋ ಅಷ್ಟೇ. ಮೂರನೆಯ ಅಪರಿಚಿತ ಅಡ್ರೆಸ್ ಕಂಡರೆ ಅದು ಯಾವುದು ಅಂತ ತಿಳಿಯುವವರೆಗೆ ಬಿಡಬೇಡಿ.

ದೀಪದಹುಳ

ಕರೆಂಟ್ ವಿಷಯ ನಾನು ಹೇಳುತ್ತೇನೆ, ಶಿರಸಿಯಲ್ಲಿ ಇದನ್ನು ಎರಡು ಮಳೆಗಾಲ ಅನುಭವಿಸಿದ್ದೇನೆ. ಟಾರ್ ಲಾಗ್‌ನಲ್ಲಿ ಕ್ಲಾಕ್ ಬಗ್ಗೆ ಏನಾದರೂ ಎಚ್ಚರಿಕೆ ಇತ್ತಾ? ಪೈಯ ಸ್ವಂತ ಡಿಎನ್‌ಎಸ್ ಎಲ್ಲಿಗೆ ಹೋಗುತ್ತದೆ?

ಕಾಫಿತೋಟ

ಹೌದು ಸರ್, ಗಡಿಯಾರ ಹಿಂದಿದೆ ಅಂತ ಇತ್ತು, ನಾನು ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ. ಪೈಯ ಡಿಎನ್‌ಎಸ್ ಕೂಡ ಟಾರ್‌ಗೇ ಕೊಟ್ಟಿದ್ದೇನೆ. ಅದೂ ಸೋರಬಾರದು ಅಂತ.

ದೀಪದಹುಳ

ಸಿಕ್ಕಿತು. ಪೈ 4ರೊಳಗೆ ಬ್ಯಾಟರಿ ಇರುವ ಗಡಿಯಾರ ಇಲ್ಲ. ಆರಿದಾಗ ಕೊನೆಗೆ ಬರೆದಿಟ್ಟುಕೊಂಡ ಸಮಯದಿಂದಲೇ ಮತ್ತೆ ಶುರು ಮಾಡುತ್ತದೆ. ಒಂದೂವರೆ ದಿನ ಕತ್ತಲಲ್ಲಿದ್ದರೆ ಅದರ ಪ್ರಕಾರ ಇನ್ನೂ ಮೊನ್ನೆ.

ಟಾರ್‌ಗೆ ಸಮಯ ಬಹಳ ಮುಖ್ಯ. ಯಾವ ಯಾವ ರಿಲೇ (ಟಾರ್ ದಾರಿಯ ಕಂಪ್ಯೂಟರ್) ಇವೆ ಅನ್ನುವ ಪಟ್ಟಿಗೆ ಡೈರೆಕ್ಟರಿ ಅಥಾರಿಟಿ ಅನ್ನುವ ಟಾರ್‌ನ ಮುಖ್ಯ ಸರ್ವರ್‌ಗಳು ಗಂಟೆಗೊಮ್ಮೆ ಸಹಿ ಹಾಕುತ್ತವೆ, ಆ ಪಟ್ಟಿಯ ಆಯಸ್ಸು 3 ಗಂಟೆ. ಮೊನ್ನೆಯಲ್ಲಿ ನಿಂತ ಪೈಗೆ ಇವತ್ತಿನ ಪಟ್ಟಿ "ಇನ್ನೂ ಚಾಲ್ತಿಗೆ ಬಂದಿಲ್ಲ" ಅಂತ ಕಾಣುತ್ತದೆ. ಸಮಯ ಸರಿ ಮಾಡಿಕೊಳ್ಳಲು ಪೈ ಎನ್‌ಟಿಪಿ (ಸಮಯ ಹೇಳುವ) ಸರ್ವರ್‌ನ ಹೆಸರು ಹುಡುಕಬೇಕು. ಹೆಸರು ಹುಡುಕಲು ಟಾರ್ ಬೇಕು. ಟಾರ್ ಏಳಲು ಸಮಯ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಕತೆ. ರೀಸ್ಟಾರ್ಟ್ ಎಷ್ಟು ಮಾಡಿದರೂ ಬಗೆಹರಿಯುವುದಿಲ್ಲ.

ಗಂಟು ಬಿಚ್ಚಲು, ಪೈಯ ಸಮಯ ಸರಿ ಮಾಡುವ ಟೈಮ್‌ಸಿಂಕ್‌ಡಿ ಕಾನ್ಫಿಗ್‌ನಲ್ಲಿ ಎನ್‌ಟಿಪಿ ಸರ್ವರ್‌ನ ಹೆಸರಿನ ಬದಲು ಅಂಕಿ ಅಡ್ರೆಸ್ ಹಾಕಿ. ಕ್ಲೌಡ್‌ಫ್ಲೇರ್‌ನದು 162.159.200.1. ಪೈಯಿಂದ ಆ ಅಡ್ರೆಸ್‌ಗೆ ಯುಡಿಪಿ 123 ಮಾತ್ರ ಸೀದಾ ಹೋಗಲು ಬಿಡಿ. ಈ ಮನೆಯಲ್ಲಿ ಯಾವುದೋ ಯಂತ್ರ ಗಂಟೆ ಎಷ್ಟು ಅಂತ ಕೇಳಿತು ಅನ್ನುವುದಷ್ಟೇ ಫೈಬರ್ ಕಂಪನಿಗೆ ಗೊತ್ತಾಗುತ್ತದೆ, ಅದರಿಂದ ನಷ್ಟವಿಲ್ಲ. ಜೊತೆಗೆ ಒಂದು ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿಕೊಳ್ಳಿ. ಪೈಯ ಐ2ಸಿ ಪಿನ್‌ಗಳ ಮೇಲೆ ಕೂರುತ್ತದೆ, ಸಣ್ಣ ಬಿಲ್ಲೆ ಸೆಲ್ ಮೇಲೆ ಓಡುತ್ತದೆ. ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಆದರೆ ಸೆಲ್ ಬೇರೆ ಕೊಳ್ಳಬೇಕು. ಮಲೆನಾಡಿನಲ್ಲಿ ಇರುವವರಿಗೆ ಇದು ಬೇಕೇ ಬೇಕು.

ನೀಲಿಕೇಬಲ್

ಕಾಫಿತೋಟ ಅವರೇ, ನೀವು ಬರೆದ ಟಿವಿ ಪ್ರಸಂಗ ಓದಿ ಒಂದು ಪ್ರಶ್ನೆ. ಆ ಟಿವಿಯ ವಿಡಿಯೋ ಆ್ಯಪ್‌ನಲ್ಲಿ ಯಾರ ಅಕೌಂಟ್ ಇದೆ? ನಮ್ಮ ಮನೆಯಲ್ಲಿ ಅತ್ತೆಯ ಟಿವಿಗೆ ಕೊಂಡ ದಿನ ನನ್ನ ಅಕೌಂಟ್ ಹಾಕಿ ಮರೆತೇಬಿಟ್ಟಿದ್ದೆ, ಅದಕ್ಕೆ ಕೇಳಿದೆ.

ಕಾಫಿತೋಟ

ಮೇಡಂ, ನನ್ನದೇ. ಟಿವಿ ತಂದ ದಿನ ನಾನೇ ಲಾಗಿನ್ ಮಾಡಿಕೊಟ್ಟಿದ್ದೆ. ಫೋನಿನಲ್ಲೂ ಅದೇ ಅಕೌಂಟ್.

ನೀಲಿಕೇಬಲ್

ಹಾಗಾದರೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಟಾರ್ ಅವತ್ತು ಸರಿಯಾಗಿ ಓಡುತ್ತಿದ್ದರೂ ಅಪ್ಪನ ಮುಂದೆ ಆ ಮೂರು ವಿಡಿಯೋ ಬರುತ್ತಿದ್ದವು. ಟಾರ್ ಮುಚ್ಚುವುದು ನೀವು ಎಲ್ಲಿಂದ ಬಂದಿರಿ ಅನ್ನುವುದನ್ನು. ನೀವು ಲಾಗಿನ್ ಆಗಿ "ನಾನು ಇಂಥವನು" ಅಂತ ಹೇಳಿದ ಮೇಲೆ ಅದು ಮೂರು ದೇಶ ಸುತ್ತಿ ಬಂದರೂ ನೀವೇ. ಫೋನಿನಲ್ಲಿ ನೋಡಿದ್ದು ಅಕೌಂಟಿನ ಹಿಸ್ಟರಿಗೆ ಸೇರಿತು, ಟಿವಿ ಅದೇ ಹಿಸ್ಟರಿ ನೋಡಿ ಸಲಹೆ ಕೊಟ್ಟಿತು.

ಇಡೀ ಮನೆಯನ್ನು ಟಾರ್ ಹಿಂದೆ ಹಾಕುವುದರಲ್ಲಿ ಇನ್ನೊಂದು ತೊಡಕಿದೆ. ಟ್ರಾನ್ಸ್‌ಪೋರ್ಟ್ ಮೂಲಕ ಬಂದದ್ದನ್ನು ಟಾರ್ ಪ್ರತಿ ಸಾಧನಕ್ಕೆ ಬೇರೆ ಸರ್ಕ್ಯೂಟ್‌ನಲ್ಲಿ (ರಿಲೇಗಳ ದಾರಿ) ಕಳಿಸುತ್ತದೆ, ಅದು ಒಳ್ಳೆಯದೇ. ಆದರೆ ಒಂದೇ ಫೋನಿನಿಂದ ಹೊರಟದ್ದೆಲ್ಲ ಮಾಮೂಲಿಯಾಗಿ ಒಂದೇ ಸರ್ಕ್ಯೂಟ್ ಹಂಚಿಕೊಳ್ಳುತ್ತದೆ, ಹತ್ತು ನಿಮಿಷದವರೆಗೆ ಹೊಸ ಕನೆಕ್ಷನ್‌ಗಳು ಅದರಲ್ಲೇ ಸೇರುತ್ತವೆ. ಹಿಂದೆ ನಿಮ್ಮ ಹೆಸರಿನಲ್ಲಿ ಮೇಲ್ ಆ್ಯಪ್ ಸಿಂಕ್ ಆಗುತ್ತಿರುತ್ತದೆ, ಮುಂದೆ ನೀವು ಗುಟ್ಟಾಗಿ ಏನೋ ಹುಡುಕುತ್ತಿರುತ್ತೀರಿ, ಎರಡೂ ಒಂದೇ ಹೊತ್ತಿಗೆ ಒಂದೇ ಎಕ್ಸಿಟ್‌ನಿಂದ, ಅಂದರೆ ಕೊನೆಯ ರಿಲೇಯಿಂದ ಹೊರಬರುತ್ತವೆ. ಟಾರ್ ಬ್ರೌಸರ್ ಹಾಗಲ್ಲ. ನೀವು ತೆರೆದ ಒಂದೊಂದು ಸೈಟ್‌ಗೂ ಬೇರೆ ಸರ್ಕ್ಯೂಟ್ ಹಿಡಿಯುತ್ತದೆ, ಕುಕಿಗಳನ್ನು ಬೇರೆಬೇರೆ ಇಡುತ್ತದೆ, ಎಲ್ಲ ಬಳಕೆದಾರರೂ ಒಂದೇ ತರ ಕಾಣುವಂತೆ ಪರದೆಯ ಅಳತೆಯನ್ನೂ ಹೊಂದಿಸುತ್ತದೆ. ಪೈಗೆ ಈ ಕೆಲಸ ಆಗುವುದಿಲ್ಲ.

ಹಾಗಾಗಿ ನನ್ನ ಮಾತು ಕೇಳುವುದಾದರೆ, ಪೈಯದ್ದು ಬೇರೆ ವೈಫೈ ಹೆಸರಿನಲ್ಲಿ ಇರಲಿ. ಬ್ಯಾಂಕು, ಯುಪಿಐ, ಟಿವಿ, ಕಾಲ್ ಇವೆಲ್ಲ ಮಾಮೂಲಿ ವೈಫೈಯಲ್ಲೇ ಇರಲಿ. ಟಾರ್ ಎಕ್ಸಿಟ್‌ಗಳ ಪಟ್ಟಿ ಎಲ್ಲರಿಗೂ ಸಿಗುವಂಥದ್ದು, ಬ್ಯಾಂಕುಗಳು ಅದನ್ನು ನೋಡಿ ತಡೆಯಬಹುದು, ಅದರ ಜೊತೆ ಜಗಳ ಬೇಡ. ಕಾಯಿಲೆಯಂಥ ವಿಷಯ ಹುಡುಕಲು ಫೋನಿನಲ್ಲೇ ಟಾರ್ ಬ್ರೌಸರ್ ಹಾಕಿಕೊಳ್ಳಿ, ಆಂಡ್ರಾಯ್ಡ್‌ಗೆ 2019ರಿಂದಲೇ ಸ್ಥಿರ ಆವೃತ್ತಿ ಇದೆ. ಅದನ್ನು ಮಾಮೂಲಿ ವೈಫೈಯಲ್ಲಿ ಬಳಸಿ. ಪೈ ವೈಫೈಯಲ್ಲಿ ಬಳಸಿದರೆ ಟಾರ್ ಒಳಗೆ ಟಾರ್ ಆಗುತ್ತದೆ, ಅದನ್ನು ಟಾರ್ ಯೋಜನೆಯವರೇ ಬೇಡ ಅನ್ನುತ್ತಾರೆ.

ಇವತ್ತೇ ಟಿವಿಯಿಂದ ನಿಮ್ಮ ಅಕೌಂಟ್ ತೆಗೆಯಿರಿ. ಅಪ್ಪನಿಗೆ ಅವರದೇ ಒಂದು ಮಾಡಿಕೊಡಿ.

ಕಾಫಿತೋಟ

ಓದಿ ಒಂದು ಹೊತ್ತು ಏನೂ ತೋಚಲಿಲ್ಲ ಮೇಡಂ. ಹದಿನೈದು ದಿನ ಪೈ ಹಿಡಿದು ಕೂತಿದ್ದೆ, ಟಿವಿ ರಿಮೋಟ್ ಹಿಡಿಯಲೇ ಇಲ್ಲ. ಟಿವಿ ಕೆಲಸ ಇವತ್ತೇ ಮಾಡುತ್ತೇನೆ.

ಒಂದು ಅನುಮಾನ. ಇಡೀ ಮನೆಗೆ ಟಾರ್ ಬದಲು ವಿಪಿಎನ್ (ಎಲ್ಲವನ್ನೂ ಒಂದು ಕಂಪನಿಯ ಸರ್ವರ್ ಮೂಲಕ ಕಳಿಸುವುದು) ಹಾಕಿದರೆ?

ಹಳೇರೂಟರ್

ಫೈಬರ್ ಕಂಪನಿಗೆ ನೀವು ಎಲ್ಲಿಗೆ ಹೋಗುತ್ತೀರಿ ಅಂತ ಕಾಣಬಾರದು ಅಷ್ಟೇ ಅಂದರೆ ವಿಪಿಎನ್ ಸಾಕು, ಕಾಲ್ ಕೂಡ ಓಡುತ್ತದೆ. ಆದರೆ ಆ ನಂಬಿಕೆಯನ್ನು ಫೈಬರ್‌ನವರಿಂದ ಕಿತ್ತು ವಿಪಿಎನ್‌ನವರ ಕೈಗೆ ಕೊಟ್ಟಂತೆ. ಅವರಿಗೆ ಎಲ್ಲ ಕಾಣುತ್ತದೆ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನದ ಪ್ರಕಾರ ವಿಪಿಎನ್ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು. ಅದಾದ ಮೇಲೆ ಕೆಲವು ಕಂಪನಿಗಳು ಭಾರತದಲ್ಲಿದ್ದ ಸರ್ವರ್ ತೆಗೆದುಬಿಟ್ಟವು. ಟಾರ್‌ನಲ್ಲಿ ಮೂರು ರಿಲೇ ಇರುವುದೇ ಇದಕ್ಕೆ: ಮೊದಲನೆಯದಕ್ಕೆ ನೀವು ಗೊತ್ತು, ಕೊನೆಯದಕ್ಕೆ ನೀವು ಹೋಗುವ ಜಾಗ ಗೊತ್ತು, ಎರಡೂ ಒಬ್ಬರಿಗೇ ಗೊತ್ತಿರುವುದಿಲ್ಲ.

ಕಾಫಿತೋಟ (ಒಂಬತ್ತು ದಿನದ ನಂತರ)

ವರದಿ ಕೊಡುತ್ತೇನೆ.

ಅಡಾಪ್ಟರ್ ಬಂತು, ಅಟ್ಟದಲ್ಲಿದ್ದ ಹಳೆಯ ರೂಟರ್ ಇಳಿಸಿದೆ. ಫಾರ್ವರ್ಡ್ 0, ಎರಡೂ ಟೇಬಲ್ಸ್‌ನಲ್ಲಿ ಡ್ರಾಪ್. ಹೊಸ ವೈಫೈಗೆ ಸೇರಿದ ಫೋನಿನಲ್ಲಿ ಈಗ ಎಫ್‌ಇ80 ಒಂದೇ ಇದೆ, 2ರದ್ದು ಹೋಯಿತು. ವಿಡಿಯೋ ಕಾಲ್ ಅಲ್ಲಿ ಸೇರುವುದೇ ಇಲ್ಲ. ಈಗ ಅದನ್ನು ನೋಡಿ ಸಮಾಧಾನ ಆಗುತ್ತದೆ.

ರಾತ್ರಿ ಟಿಸಿಪಿಡಂಪ್ ಹಾಕಿಕೊಂಡು ಕೂತೆ. ಹೆಂಡತಿ ಪಕ್ಕದಲ್ಲಿ ಕೂತು ಒಂದಾದ ಮೇಲೊಂದು ಪೇಪರ್ ಸೈಟ್ ತೆರೆಯುತ್ತಿದ್ದಳು. ಪರದೆ ಮೇಲೆ ಸಾಲುಗಳು ಓಡುತ್ತಿದ್ದವು, ಎಲ್ಲ ಸಾಲಿನಲ್ಲೂ ಅದೇ ಒಂದು ಅಡ್ರೆಸ್. ನಡುವೆ ಒಮ್ಮೆ ಬೇರೆಯದು ಬಂತು, ಎದೆ ಧಸಕ್ ಅಂದಿತು, ನೋಡಿದರೆ 123, ಗಂಟೆ ಕೇಳಿದ್ದು.

ದೀಪದಹುಳ ಅವರೇ, ಮೊನ್ನೆ ಮತ್ತೆ ಹದಿಮೂರು ಗಂಟೆ ಕರೆಂಟ್ ಇರಲಿಲ್ಲ. ಬಂದ ಮೇಲೆ ಯಾರೂ ಮುಟ್ಟದೆ ಟಾರ್ ಶೇಕಡಾ ನೂರಕ್ಕೆ ಬಂದು ನಿಂತಿತು, ಅಂದರೆ ಪೂರ್ತಿ ಎದ್ದಿತು. ಗಡಿಯಾರದ ಮಾಡ್ಯೂಲ್ ಇನ್ನೂ ಬಂದಿಲ್ಲ, ಅಂಕಿ ಅಡ್ರೆಸ್ ಹಾಕಿದ್ದಷ್ಟೇ.

ಟಿವಿಗೆ ಅಪ್ಪನದೇ ಅಕೌಂಟ್ ಮಾಡಿದೆ. ಮೊದಲ ಸಾಲಿನಲ್ಲಿ ಭಜನೆ, ಎರಡನೆಯದರಲ್ಲಿ ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ಮಿಶ್ರಣ ಮಾಡುವುದು ಹೇಗೆ ಅಂತ ಬರುತ್ತಿದೆ. ರಿಪೋರ್ಟ್ ಕೂಡ ಬಂದಿದೆ, ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತದೆ ಅಂದಿದ್ದಾರೆ. ಅಪ್ಪ ತಮ್ಮ ಫೋನಿನಲ್ಲೂ ಟಾರ್ ಬ್ರೌಸರ್ ಹಾಕಿಸಿಕೊಂಡಿದ್ದಾರೆ. ಅದರಲ್ಲಿ ಕನ್ನಡ ಅಕ್ಷರ ದೊಡ್ಡದು ಮಾಡುವುದು ಎಲ್ಲಿ ಅಂತ ಕೇಳುತ್ತಿದ್ದಾರೆ, ಯಾರಿಗಾದರೂ ಗೊತ್ತಾ?

ನೀಲಿಕೇಬಲ್

ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಒಳಗೆ ಫಾಂಟ್ ಸೈಜ್ ಇದೆ. ಆಟೊಮ್ಯಾಟಿಕ್ ಆಫ್ ಮಾಡಿದರೆ ಕೆಳಗೆ ಎಳೆಯುವ ಗೆರೆ ಕಾಣುತ್ತದೆ.