ವೈಬಿಸಿಓ ಬಿಲ್ಲೆಯ ರೋಧ ಸೊನ್ನೆಗೆ ಇಳಿಯುತ್ತಿಲ್ಲ, ಮುಂದೆ ಇದರಲ್ಲೇ ಪಿಎಚ್‌ಡಿ ಮಾಡುವ ಆಸೆ

ಮಡಿಕೇರಿ_ಎಂಎಸ್ಸಿ:
ಪ್ರಾಜೆಕ್ಟಿಗೆ ವೈಬಿಸಿಓ (ಯಿಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡ್; ಸಾಕಷ್ಟು ತಣಿಸಿದರೆ ರೋಧ ಸೊನ್ನೆಯಾಗುವ ಸೂಪರ್‌ಕಂಡಕ್ಟರ್) ಬಿಲ್ಲೆಯ ರೋಧವನ್ನು ನಾಲ್ಕು ತಂತಿಯ ವಿಧಾನದಲ್ಲಿ (ಎರಡು ತಂತಿ ಕರೆಂಟಿಗೆ, ಎರಡು ವೋಲ್ಟೇಜಿಗೆ) ಅಳೆಯುತ್ತಿದ್ದೇವೆ. ಕರೆಂಟ್ 20 ಮಿಲಿಆಂಪಿಯರ್. ಕೋಣೆಯ ತಾಪದಲ್ಲಿ 60 ಮೈಕ್ರೋವೋಲ್ಟ್ ಬರುತ್ತದೆ. ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಮುಳುಗಿಸಿದರೂ 4 ಮೈಕ್ರೋವೋಲ್ಟ್ ಹಾಗೇ ಉಳಿಯುತ್ತದೆ. ತಣಿಸುವಾಗ ಇಳಿತ 86 ಕೆಲ್ವಿನ್‌ನಲ್ಲಿ, ಬಿಸಿಯಾಗುವಾಗ ಏರಿಕೆ 95ರಲ್ಲಿ ಕಾಣುತ್ತದೆ. ಬಿಲ್ಲೆ ಕಳೆದ ಮಳೆಗಾಲವೆಲ್ಲ ಬೀರುವಿನಲ್ಲಿತ್ತು, ಮೇಲೆ ಬಿಳಿ ಪುಡಿ ಕೂತಿದೆ. ಎಲ್ಲಿ ತಪ್ಪಾಗುತ್ತಿದೆ? ಪಿಎಚ್‌ಡಿಗೆ ಅರ್ಜಿ ಹಾಕುವಾಗ ಇಂಥ ಕೆಲಸಕ್ಕೆ ಬೆಲೆ ಇದೆಯೇ?

ಕ್ರಯೋಸ್ಟಾಟ್:
ಮೊದಲು ಕರೆಂಟಿನ ದಿಕ್ಕು ತಿರುಗಿಸಿ ನೋಡಿ. ಎರಡೂ ದಿಕ್ಕಿನಲ್ಲಿ +4 ಎಂದೇ ತೋರಿಸಿದರೆ ಅದು ರೋಧವಲ್ಲ, ತಂತಿಗಳ ಎರಡು ತುದಿಯ ತಾಪಭೇದದಿಂದ ಹುಟ್ಟುವ ಥರ್ಮೋ ವೋಲ್ಟೇಜ್. ಪ್ರತಿ ಬಿಂದುವಿನಲ್ಲೂ ಎರಡು ದಿಕ್ಕಿನ ಓದುಗಳ ವ್ಯತ್ಯಾಸವನ್ನು ಎರಡರಿಂದ ಭಾಗಿಸಿದರೆ ಅದು ಕಳೆದುಹೋಗುತ್ತದೆ. ಈ ತಿದ್ದುಪಡಿ ಇಲ್ಲದ ಗ್ರಾಫನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು.

ಚಿಹ್ನೆ ಬದಲಾದರೆ ನಿಜವಾದ ರೋಧ ಉಳಿದಿದೆ ಎಂದರ್ಥ. ಆಗ ಕರೆಂಟನ್ನು 10ಕ್ಕೆ, ಮತ್ತೆ 5ಕ್ಕೆ ಇಳಿಸಿ. ರೋಧವೂ ಇಳಿದರೆ ಎರಡು ಕಾರಣ ಇರಬಹುದು. ಒಂದು, ಕಣಕಣಗಳ ನಡುವಿನ ಸಂದುಗಳು ಅಷ್ಟು ಕರೆಂಟು ತಾಳುತ್ತಿಲ್ಲ. ಇನ್ನೊಂದು, ಕರೆಂಟಿನ ತಂತಿ ಬಿಲ್ಲೆಗೆ ಸೇರುವ ಜೋಡಣೆಗಳು ಬಿಸಿಯಾಗುತ್ತಿವೆ. 5 ಓಮ್‌ನ ಒಂದು ಜೋಡಣೆಯಲ್ಲಿ 20 ಮಿಲಿಆಂಪಿಯರ್ ಹರಿದರೆ 2 ಮಿಲಿವ್ಯಾಟ್ ಶಾಖ. ಕರೆಂಟ್ ಇಳಿಸಿದರೂ ರೋಧ ಅಷ್ಟೇ ಇದ್ದರೆ ಬಿಲ್ಲೆಯೇ ಹಾಳಾಗಿದೆ.

86 ಮತ್ತು 95ರ ಅಂತರಕ್ಕೆ ಕಾರಣ ಸೆನ್ಸರ್. ಸೆನ್ಸರ್ ಕೂತಿರುವ ತಾಮ್ರದ ಗಟ್ಟಿ ಬೇಗ ತಣಿಯುತ್ತದೆ, ಬೇಗ ಬಿಸಿಯಾಗುತ್ತದೆ, ಬಿಲ್ಲೆ ಹಿಂದೆ ಬೀಳುತ್ತದೆ. ಪಿಟಿ-100 ಅನ್ನು (ಪ್ಲಾಟಿನಂ ತಾಪ ಸೆನ್ಸರ್) ಬಿಲ್ಲೆಗೆ ತಾಗಿಕೊಂಡೇ ಇಡಿ, ಅಡಿಗೆ ಶಾಖ ದಾಟಲೆಂದು ತೆಳುವಾಗಿ ಎಪಿಜಾನ್ ಎನ್ ಗ್ರೀಸ್ ಹಚ್ಚಿ, 80ರಿಂದ 100 ಕೆಲ್ವಿನ್‌ವರೆಗೆ ನಿಮಿಷಕ್ಕೆ 1 ಕೆಲ್ವಿನ್ ಮೀರಬೇಡಿ. ತಣಿಸುವ ಮತ್ತು ಬಿಸಿಯಾಗುವ ಎರಡು ಗೆರೆಗಳು ಒಂದರ ಮೇಲೊಂದು ಕೂರುವವರೆಗೂ ವೇಗ ಇಳಿಸುತ್ತಾ ಹೋಗಿ. ಇನ್ನೊಂದು ವಿಷಯ: ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಅಲ್ಲಿ ನೈಟ್ರೋಜನ್ ಕುದಿಯುವುದು 77.4ರಲ್ಲಲ್ಲ, ಸುಮಾರು 76.2 ಕೆಲ್ವಿನ್‌ನಲ್ಲಿ. ಸೆನ್ಸರ್ ಸರಿನೋಡುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಕುಲುಮೆ:
ಬಿಳಿ ಪುಡಿ ಬಹುಪಾಲು ಬೇರಿಯಂ ಕಾರ್ಬೊನೇಟ್. ನೀರಿನ ಆವಿ ವೈಬಿಸಿಓವನ್ನು ಒಡೆಯುತ್ತದೆ, ಹೊರಬಂದ ಬೇರಿಯಂ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹಿಡಿಯುತ್ತದೆ. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಮಳೆಯಲ್ಲಿ ಬೀರುವಿನೊಳಗೂ ತೇವ ಇದ್ದೇ ಇರುತ್ತದೆ. ಇಂಥ ಬಿಲ್ಲೆಯನ್ನು ನೀರಲ್ಲಿ ತೊಳೆಯಲೇಬೇಡಿ. ಒಣ ಎಮರಿ ಕಾಗದದಲ್ಲಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ವಿಷ. ಒಳಗೆ ಕಪ್ಪಗಿದ್ದರೆ ಹರಿಯುವ ಆಮ್ಲಜನಕದಲ್ಲಿ 450 ಡಿಗ್ರಿ ಸೆಲ್ಸಿಯಸ್‌ಗೆ 12 ಗಂಟೆ ಇಟ್ಟು ನಿಧಾನ ತಣಿಸಿದರೆ ಸಾಕು. ಒಳಗೂ ಕೆಟ್ಟಿದ್ದರೆ ಈ ಉಪಚಾರದಿಂದ ಪ್ರಯೋಜನವಿಲ್ಲ, ಹೊಸದು ಮಾಡಿ.

5 ಗ್ರಾಂ ಬಿಲ್ಲೆಗೆ ಯಿಟ್ರಿಯಂ ಆಕ್ಸೈಡ್ 0.847, ಬೇರಿಯಂ ಕಾರ್ಬೊನೇಟ್ 2.962, ಕಾಪರ್ ಆಕ್ಸೈಡ್ 1.791 ಗ್ರಾಂ. ತೂಗುವ ಮುನ್ನ ಪುಡಿಗಳನ್ನು ಒಣಗಿಸಿ. ತೇವ ಸೇರಿದರೆ ಅನುಪಾತವೇ ತಪ್ಪುತ್ತದೆ. ಅರೆದು 900 ಡಿಗ್ರಿಯಲ್ಲಿ ಸುಟ್ಟು, ಮತ್ತೆ ಅರೆದು ಮತ್ತೊಮ್ಮೆ ಸುಟ್ಟು, ಬಿಲ್ಲೆಯಾಗಿ ಒತ್ತಿ 930-940ರಲ್ಲಿ ಬೇಯಿಸಿ, ಕೊನೆಗೆ ಮೇಲೆ ಹೇಳಿದ ಆಮ್ಲಜನಕದ ಉಪಚಾರ. ಇದು ದಿನಗಟ್ಟಲೆ ಕುಲುಮೆ ಆರಬಾರದ ಕೆಲಸ. ಕರೆಂಟು ಹೋಗುವ ಮಳೆಗಾಲ ಬಿಟ್ಟು ಜನವರಿಯಿಂದ ಮಾರ್ಚ್‌ನೊಳಗೆ ಮುಗಿಸಿಕೊಳ್ಳಿ. ಆಮೇಲೆ ಡೆಸಿಕೇಟರಿನಲ್ಲೇ (ಒಳಗೆ ಒಣಗಿಯೇ ಇರುವ ಮುಚ್ಚಿದ ಪಾತ್ರೆ) ಇರಲಿ, ಅದರಲ್ಲಿ ತೇವ ಹೀರುವ ನೀಲಿ ಸಿಲಿಕಾ ಜೆಲ್ ಗುಲಾಬಿಯಾದ ಕೂಡಲೇ ಒಲೆಯಲ್ಲಿ ಒಣಗಿಸಿ. ಅಳತೆ ಮುಗಿದ ಮೇಲೆ ತಣ್ಣನೆಯ ಬಿಲ್ಲೆಯನ್ನು ಹೊರಗಾಳಿಗೆ ತೆಗೆದರೆ ಮೈಮೇಲೆ ನೀರು ಕಟ್ಟುತ್ತದೆ. ನೈಟ್ರೋಜನ್ ಆವಿಯೊಳಗೇ ಬಿಸಿಯಾಗಲು ಬಿಡಿ.

ಮಡಿಕೇರಿ_ಎಂಎಸ್ಸಿ:
ಧನ್ಯವಾದ ಸರ್. ದಿಕ್ಕು ತಿರುಗಿಸಿದರೆ +4 ಹೋಗಿ -2 ಆಗುತ್ತದೆ.

ಕ್ರಯೋಸ್ಟಾಟ್:
ಹಾಗಾದರೆ 1 ಮೈಕ್ರೋವೋಲ್ಟ್ ಥರ್ಮೋ, 3 ನಿಜವಾದದ್ದು. ಅಂದರೆ 0.15 ಮಿಲಿಓಮ್ ಉಳಿದಿದೆ. ಈಗ 5 ಮಿಲಿಆಂಪಿಯರ್‌ನಲ್ಲಿ ಹಲವು ಓದುಗಳ ಸರಾಸರಿ ತೆಗೆದು ನೋಡಿ.

ಸೋಮವಾರಪೇಟೆ_ಮೇಷ್ಟ್ರು:
ನೈಟ್ರೋಜನ್ ವಿಷಯ: ದನಗಳ ಕೃತಕ ಗರ್ಭಧಾರಣೆಯ ವೀರ್ಯ ಕಡ್ಡಿಗಳನ್ನು ಇದರಲ್ಲೇ ಇಡುತ್ತಾರೆ, ಹಾಗಾಗಿ ಎಲ್ಲಿಂದ ತರಿಸುತ್ತಾರೆಂದು ಪಶುವೈದ್ಯರನ್ನು ವಿಚಾರಿಸಿ. ಡ್ಯೂವರ್ (ನೈಟ್ರೋಜನ್ ತುಂಬುವ ಥರ್ಮಾಸಿನಂಥ ಪಾತ್ರೆ) ಬಾಯಿಯನ್ನು ಬಿಗಿಯಾಗಿ ಮುಚ್ಚಬಾರದು. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಕಿಟಕಿ ಮುಚ್ಚಿದ ಕಾರಿನಲ್ಲಿ ತಂದರೆ ಉಸಿರುಗಟ್ಟುವ ಅಪಾಯ.

ಪಿಎಚ್‌ಡಿಗೆ: ಎಂಎಸ್ಸಿ ಆದವರಿಗೆ ಜೆಸ್ಟ್, ಗೇಟ್, ಸಿಎಸ್ಐಆರ್ ನೆಟ್ ಎಂಬ ಪ್ರವೇಶ ಪರೀಕ್ಷೆಗಳು ದಾರಿಗಳು. ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್ಆರ್ ತನ್ನದೇ ಪರೀಕ್ಷೆ ನಡೆಸುತ್ತದೆ. ನಿಮ್ಮ ತಂಗಿ ತಮ್ಮಂದಿರು ಬಿಎಸ್ಸಿಯಲ್ಲಿದ್ದರೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ (ಬಿಎಸ್ಸಿ ಆದ ಮೇಲೆ ನೇರವಾಗಿ ಸೇರುವಂಥದ್ದು) ಪ್ರಯತ್ನಿಸಲಿ. ಸಂದರ್ಶನದಲ್ಲಿ ನಾಲ್ಕು ತಂತಿ ಏಕೆ, ದಿಕ್ಕು ತಿರುಗಿಸುವುದು ಏಕೆ, ಅಳತೆಯ ದೋಷ ಎಷ್ಟು ಎಂದು ಕೇಳುವ ಸಾಧ್ಯತೆ ಹೆಚ್ಚು. ಈ ಬಿಲ್ಲೆಯ 0.15 ಮಿಲಿಓಮ್ ಎಲ್ಲಿಂದ ಬಂತೆಂದು ಬೋರ್ಡಿನ ಮೇಲೆ ವಿವರಿಸಬಲ್ಲವರಿಗೆ ಖಂಡಿತ ಬೆಲೆ ಇದೆ. ಜೊತೆಗೆ ಪೈಥಾನಿನಲ್ಲಿ ಮೀಟರಿನಿಂದ ಓದು ದಾಖಲಿಸುವುದನ್ನೂ, ಸಣ್ಣ ತಂತಿಗೆ ಬೆಸುಗೆ ಹಾಕುವುದನ್ನೂ ಈ ವರ್ಷವೇ ಕಲಿಯಿರಿ. ಲ್ಯಾಬ್ ಆರಿಸುವಾಗ ಸಂಸ್ಥೆಯ ಹೆಸರಿಗಿಂತ ಮೊದಲು ಅಲ್ಲಿ ಲಿಕ್ವಿಡ್ ಹೀಲಿಯಂ ನಿಯಮಿತವಾಗಿ ಸಿಗುತ್ತದೆಯೇ, ಸ್ಯಾಂಪಲ್ ಅಲ್ಲೇ ಬೆಳೆಸುತ್ತಾರೆಯೇ ಎಂದು ಹಾಲಿ ವಿದ್ಯಾರ್ಥಿಗಳನ್ನು ಕೇಳಿ.